ಪೊಲೀಸರು ಎಷ್ಟು ಬಲ ಬಳಸಬಹುದು? ಲಾಠಿಯಿಂದ ಗುಂಡಿನವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾತ್ರಿ ಹನ್ನೊಂದರ ಹೊತ್ತಿಗೆ ಫೋನ್ ಬರುತ್ತದೆ. "ಸರ್, ತಮ್ಮನನ್ನ ಠಾಣೆಗೆ ಕರ್ಕೊಂಡು ಹೋಗಿದ್ದಾರೆ, ಹೊಡೀತಿದ್ದಾರಂತೆ, ಈಗ ಏನು ಮಾಡೋದು?" ವಕೀಲಿ ಕೆಲಸದಲ್ಲಿರುವ ನನಗೆ ಇಂಥ ಫೋನ್ ಹೊಸದಲ್ಲ. ಆ ಹೊತ್ತಿನಲ್ಲಿ ಕಾನೂನು ಪಾಠ ಹೇಳೋಕೆ ಆಗಲ್ಲ, ಕೇಳೋರಿಗೂ ತಾಳ್ಮೆ ಇರಲ್ಲ. ಅದಕ್ಕೇ ಜನ ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಪುರುಸೊತ್ತಿದ್ದಾಗ ಓದಿ, ಮನೆಯವರಿಗೂ ಓದಿಸಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 2024ರ ಜುಲೈ 1ರಿಂದ ಹಳೆಯ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆಗಳ ಜಾಗಕ್ಕೆ ಮೂರು ಹೊಸ ಕಾನೂನು ಬಂದಿವೆ. ಯಾವುದು ಅಪರಾಧ, ಅದಕ್ಕೆ ಶಿಕ್ಷೆ ಎಷ್ಟು ಅಂತ ಹೇಳುವ ಭಾರತೀಯ ನ್ಯಾಯ ಸಂಹಿತೆಯನ್ನು ಇಲ್ಲಿ ಬಿಎನ್‌ಎಸ್ ಎಂದೂ, ಬಂಧನ, ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯನ್ನು ಬಿಎನ್‌ಎಸ್‌ಎಸ್ ಎಂದೂ ಕರೆಯುತ್ತೇನೆ. ಕಲಂಗಳ ನಂಬರ್ ಬದಲಾಗಿದೆ. ಬಲದ ವಿಷಯದಲ್ಲಿ ತಿರುಳು ಬಹುತೇಕ ಹಳೆಯದೇ.

ನೇರವಾಗಿ ಹೇಳಿ, ಪೊಲೀಸರಿಗೆ ಹೊಡೆಯುವ ಹಕ್ಕು ಇದೆಯಾ?

ಶಿಕ್ಷೆ ಅಂತ ಹೊಡೆಯುವ ಹಕ್ಕು ಇಲ್ಲ. ಒಂದು ಕಪಾಳಮೋಕ್ಷಕ್ಕೂ ಇಲ್ಲ.

ಬಲ ಬಳಸುವ ಅಧಿಕಾರ ಇದೆ, ಆದರೆ ಅದು ಕೆಲಸಕ್ಕೆ ಕಟ್ಟಿಹಾಕಿದ ಅಧಿಕಾರ. ಓಡಿಹೋಗುವವನನ್ನು ಹಿಡಿಯಲು, ಗಲಭೆ ಮಾಡುವ ಗುಂಪನ್ನು ಚದುರಿಸಲು, ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಎಷ್ಟು ಬೇಕೋ ಅಷ್ಟು. ಕೆಲಸ ಮುಗಿದ ಕ್ಷಣ ಅಧಿಕಾರವೂ ಮುಗಿಯಿತು. ಓಡುತ್ತಿದ್ದವನನ್ನು ನೆಲಕ್ಕೆ ಕೆಡವಿ ಹಿಡಿದರೆ ಅದು ಡ್ಯೂಟಿ. ಹಿಡಿದ ಮೇಲೆ ಜೀಪಿನ ಹತ್ತಿರ ನಿಲ್ಲಿಸಿಕೊಂಡು ನಾಲ್ಕು ಬಾರಿಸಿದರೆ ಅದು ಅಪರಾಧ. ಕೈ ಅದೇ, ಲಾಠಿ ಅದೇ, ನಡುವೆ ಇರುವುದು ಅರ್ಧ ನಿಮಿಷ. ಇಲ್ಲಿ ಬರುವ ಎಲ್ಲ ಕಲಂ, ಎಲ್ಲ ತೀರ್ಪು ಸುತ್ತುವುದು ಒಂದೇ ಪ್ರಶ್ನೆಯ ಸುತ್ತ: ಆ ಹೊತ್ತಿಗೆ ಅಷ್ಟು ಬಲ ಬೇಕಿತ್ತಾ?

ಅರೆಸ್ಟ್ ಮಾಡುವಾಗ ಎಷ್ಟು ಬಲ ಬಳಸಬಹುದು?

ಬಿಎನ್‌ಎಸ್‌ಎಸ್ 43ನೇ ಕಲಂ ನೋಡಿ. ಬಂಧನಕ್ಕೆ ಒಪ್ಪಿ "ಬರ್ತೀನಿ ನಡೀರಿ" ಅಂದವನ ಮೈ ಮುಟ್ಟುವ ಅಗತ್ಯವೂ ಇಲ್ಲ. ತಿರುಗಿಬಿದ್ದರೆ ಅಥವಾ ತಪ್ಪಿಸಿಕೊಳ್ಳಲು ನೋಡಿದರೆ ಮಾತ್ರ ಬಂಧನಕ್ಕೆ ಬೇಕಾದ ಎಲ್ಲ ಕ್ರಮ ತೆಗೆದುಕೊಳ್ಳಬಹುದು. ಈ "ಎಲ್ಲ ಕ್ರಮ" ಅನ್ನೋ ಮಾತನ್ನು ಹಿಡಿದುಕೊಂಡು ಏನು ಬೇಕಾದರೂ ಮಾಡಬಹುದು ಅಂತ ವಾದಿಸುವವರಿದ್ದಾರೆ. ಅವರು ಅದೇ ಕಲಮಿನ ಮುಂದಿನ ಭಾಗ ಓದಿರುವುದಿಲ್ಲ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗುವ ಅಪರಾಧದ ಆರೋಪ ಇಲ್ಲದವನ ಪ್ರಾಣ ತೆಗೆಯುವ ಹಕ್ಕನ್ನು ಈ ಕಲಂ ಕೊಡುವುದಿಲ್ಲ ಅಂತ ಅಲ್ಲೇ ಸ್ಪಷ್ಟವಾಗಿ ಬರೆದಿದೆ. ಬೈಕ್ ಕದ್ದು ಓಡುತ್ತಿರುವವನನ್ನು ನಿಲ್ಲಿಸಲು ಸಾಯುವಂತೆ ಗುಂಡು ಹೊಡೆಯುವ ಹಾಗಿಲ್ಲ. ಓಡಿಹೋದರೆ ಹೋಗಲಿ, ನಾಳೆ ಹಿಡಿಯಿರಿ.

46ನೇ ಕಲಂ ಇನ್ನೂ ಚಿಕ್ಕದು, ನನಗೆ ಬಹಳ ಇಷ್ಟವಾದದ್ದು. ತಪ್ಪಿಸಿಕೊಂಡು ಹೋಗದಂತೆ ತಡೆಯಲು ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಕಟ್ಟುಪಾಡು ಬಂಧಿತನ ಮೇಲೆ ಹೇರಬಾರದು. ಅಷ್ಟೇ ಅದರ ಸಾರ.

ಹೆಣ್ಣುಮಕ್ಕಳನ್ನು ರಾತ್ರಿ ಕರೆದುಕೊಂಡು ಹೋಗಬಹುದಾ?

ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಬಂಧಿಸಬಾರದು. ತೀರಾ ಅಸಾಧಾರಣ ಸಂದರ್ಭ ಇದ್ದರೆ ಮಹಿಳಾ ಅಧಿಕಾರಿಯೇ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರಿಂದ ಮೊದಲೇ ಅನುಮತಿ ತರಬೇಕು. ಗಂಡಸು ಪೊಲೀಸರು ಬಂಧನದ ವೇಳೆ ಹೆಣ್ಣುಮಗಳ ಮೈ ಮುಟ್ಟುವುದನ್ನೂ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಇನ್ನು ಬರೀ ಸಾಕ್ಷಿ ಹೇಳಿಕೆಗಾಗಿ ಆದರೆ ಹೆಂಗಸರನ್ನು, 15 ವರ್ಷದೊಳಗಿನ ಮಕ್ಕಳನ್ನು, 60 ದಾಟಿದವರನ್ನು, ಅಂಗವಿಕಲರನ್ನು ಠಾಣೆಗೆ ಬನ್ನಿ ಅಂತ ಬಲವಂತ ಮಾಡುವ ಹಾಗೇ ಇಲ್ಲ. ಪೊಲೀಸರೇ ಮನೆಗೆ ಬರಬೇಕು. ಇದು 179ನೇ ಕಲಂ.

ಕೈಕೋಳ ಹಾಕಿ ಊರೊಳಗೆ ಮೆರವಣಿಗೆ ಮಾಡಿದರು. ಇದು ಸರಿಯಾ?

ಸರಿ ಅಲ್ಲ. 1980ರಲ್ಲೇ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಖಡಾಖಂಡಿತವಾಗಿ ಹೇಳಿದ್ದಾರೆ. ಕೋಳ ಹಾಕುವುದು ನಿಯಮ ಆಗಬಾರದು, ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಕಾರಣ ಬರೆದಿಟ್ಟು.

ಹೊಸ ಕಾನೂನು ಇದನ್ನು ಸ್ವಲ್ಪ ಸಡಿಲ ಮಾಡಿದೆ. ಕೊಲೆ, ಅತ್ಯಾಚಾರ, ಆಸಿಡ್ ದಾಳಿ, ಭಯೋತ್ಪಾದನೆ, ಸಂಘಟಿತ ಅಪರಾಧ, ಮಾದಕ ವಸ್ತು, ಮಾನವ ಕಳ್ಳಸಾಗಣೆಯಂಥ ಪ್ರಕರಣಗಳಲ್ಲಿ, ಕಸ್ಟಡಿಯಿಂದ ಒಮ್ಮೆ ಓಡಿಹೋದವರಿಗೆ, ಪದೇ ಪದೇ ಅಪರಾಧ ಮಾಡುವವರಿಗೆ ಕೋಳ ಹಾಕಬಹುದು ಅಂತ 43ನೇ ಕಲಮಿಗೆ ಸೇರಿಸಿದೆ. "ಹಾಕಬಹುದು" ಅಂತಿದೆ, "ಹಾಕಲೇಬೇಕು" ಅಂತಿಲ್ಲ. ಚೆಕ್ ಬೌನ್ಸ್ ಕೇಸಿನವನಿಗೆ ಅಂತೂ ಖಂಡಿತ ಅಲ್ಲ. ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಇಂಥದ್ದೇ ಪ್ರಕರಣ ನೋಡಿತು. ಚೆಕ್ ಬೌನ್ಸ್ ವಾರಂಟ್ ಮೇಲೆ ಒಬ್ಬ ಕಾನೂನು ವಿದ್ಯಾರ್ಥಿಗೆ ಕೋಳ ತೊಡಿಸಿ ಎಲ್ಲರೆದುರು ಕರೆದೊಯ್ದಿದ್ದರು. ಕೋರ್ಟ್ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು, ಬಂಧಿಸಲು ಹೋಗುವ ಪೊಲೀಸರಿಗೆ ಬಾಡಿ ಕ್ಯಾಮೆರಾ ಕೊಡಿ ಅಂತಲೂ ಹೇಳಿತು.

ಮಕ್ಕಳಿಗೆ ಕೋಳವೂ ಇಲ್ಲ, ಲಾಕಪ್ಪೂ ಇಲ್ಲ. 18 ತುಂಬದವರು ಅಂದರೆ ಮಕ್ಕಳೇ, ಮೀಸೆ ಬಂದಿದ್ದರೂ ಸರಿ.

ಠಾಣೆ ಒಳಗೆ ಬಾಯಿ ಬಿಡಿಸೋಕೆ ಹೊಡೀತಾರಲ್ಲ, ಅದಕ್ಕಾದರೂ ಅವಕಾಶ ಇದೆಯಾ?

ಇಲ್ಲ. ಜನರ ಮನಸ್ಸಿನಲ್ಲಿ ಅತಿ ಆಳವಾಗಿ ಕೂತ ತಪ್ಪು ತಿಳಿವಳಿಕೆ ಇದೇ ನೋಡಿ. ಓದಿದವರೂ "ಎರಡು ಬಿಟ್ಟರೆ ತಾನೇ ಸತ್ಯ ಹೇಳ್ತಾನೆ" ಅನ್ನುತ್ತಾರೆ. ತಪ್ಪೊಪ್ಪಿಗೆ ಹೊರಡಿಸಲು ಗಾಯ ಮಾಡಿದರೆ ಬಿಎನ್‌ಎಸ್ 120ನೇ ಕಲಮಿನ ಪ್ರಕಾರ 7 ವರ್ಷದವರೆಗೆ ಜೈಲು, ಮೂಳೆ ಮುರಿಯುವಂಥ ತೀವ್ರ ಗಾಯವಾದರೆ 10 ವರ್ಷದವರೆಗೆ. ಬ್ರಿಟಿಷರ ಕಾಲದ ಐಪಿಸಿಯಲ್ಲೇ ಇದು ಇತ್ತು. ಅಷ್ಟು ಮಾಡಿ ಬರೆಸಿಕೊಂಡ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುತ್ತದೆಯೇ ಅಂದರೆ ಅದೂ ಇಲ್ಲ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವಂತಿಲ್ಲ, ಮೂರನೇ ಹೊಸ ಕಾನೂನಾದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ತಡೆಯುತ್ತದೆ. ಅವನ ಮಾತಿನಿಂದ ಏನಾದರೂ ವಸ್ತು ಸಿಕ್ಕರೆ ಆ ವಸ್ತುವಿಗೆ ಸಂಬಂಧಪಟ್ಟ ಅಷ್ಟು ಮಾತು ಮಾತ್ರ ಒಳಗೆ ಬರುತ್ತದೆ. ಈ ಒಂದು ಕಿಂಡಿಗಾಗಿಯೇ ಎಷ್ಟೋ ಏಟು ಬೀಳುತ್ತವೆ ಅನ್ನುವುದು ನನ್ನ ಅಭಿಪ್ರಾಯ.

1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ 11 ಸೂಚನೆ ಕೊಟ್ಟಿತು. ಬಂಧಿಸುವವರ ಎದೆ ಮೇಲೆ ಹೆಸರಿನ ಪಟ್ಟಿ ಇರಬೇಕು. ಅರೆಸ್ಟ್ ಮೆಮೊ ಬರೆದು ಮನೆಯವರೋ ಊರಿನವರೋ ಒಬ್ಬರ ಸಹಿ ಹಾಕಿಸಬೇಕು. ಮನೆಗೆ ತಿಳಿಸಬೇಕು. ಬಂಧಿತ ಕೇಳಿಕೊಂಡರೆ ಮೈಮೇಲಿನ ಗಾಯಗಳನ್ನು ಆಗಲೇ ಪಟ್ಟಿ ಮಾಡಬೇಕು, 48 ಗಂಟೆಗೊಮ್ಮೆ ಡಾಕ್ಟರ್ ಹತ್ತಿರ ತೋರಿಸಬೇಕು. ವಿಚಾರಣೆ ವೇಳೆ ವಕೀಲರನ್ನು ಕಾಣಲು ಬಿಡಬೇಕು, ಪೂರ್ತಿ ಹೊತ್ತು ಪಕ್ಕದಲ್ಲೇ ಕೂರಿಸದಿದ್ದರೂ ಸರಿ. ಇವುಗಳಲ್ಲಿ ಹಲವು ಈಗ ಬಿಎನ್‌ಎಸ್‌ಎಸ್ ಒಳಗೇ ಇವೆ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಅನ್ನುವುದಂತೂ ಸಂವಿಧಾನದ 22ನೇ ವಿಧಿಯಲ್ಲೇ ಇದೆ.

ಠಾಣೆಯ ಸಿಸಿಟಿವಿ ದೃಶ್ಯ ನಮಗೆ ಸಿಗುತ್ತದಾ?

2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದ ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು ಅಂದಿತು. ಬಾಗಿಲು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೊಠಡಿ ಎಲ್ಲ ಕಡೆ, ರಾತ್ರಿಯೂ ಕಾಣುವಂಥ, ಧ್ವನಿಯೂ ದಾಖಲಾಗುವಂಥ ಕ್ಯಾಮೆರಾ. ರೆಕಾರ್ಡಿಂಗ್ 18 ತಿಂಗಳು ಇಡಬೇಕು, ಅಂಥ ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷ.

ಈ ಆದೇಶಕ್ಕೆ ಕೆಲವೇ ತಿಂಗಳ ಮುಂಚೆ, ಜೂನ್‌ನಲ್ಲಿ, ತಮಿಳುನಾಡಿನ ಸಾತಾನ್‌ಕುಳಂನಲ್ಲಿ ಲಾಕ್‌ಡೌನ್ ಹೊತ್ತಲ್ಲಿ ಅಂಗಡಿ ತೆರೆದಿಟ್ಟರು ಅಂತ ಹಿಡಿದುಕೊಂಡು ಹೋದ ಅಪ್ಪ, ಮಗ ಇಬ್ಬರೂ ಸತ್ತರು. ಠಾಣೆಯಲ್ಲಿ ಕ್ಯಾಮೆರಾ ಇತ್ತು. ಡಿಸ್ಕಿನಲ್ಲಿ ಜಾಗವೂ ಇತ್ತು. ಆದರೆ ದಿನದಿನದ ದೃಶ್ಯ ತಾನಾಗಿಯೇ ಅಳಿಸಿಹೋಗುವಂತೆ ಸೆಟ್ ಮಾಡಿದ್ದರು ಅಂತ ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರು ವರದಿ ಕೊಟ್ಟರು. ಹಾಗಾಗಿ ತಡ ಮಾಡಬೇಡಿ. ಘಟನೆ ನಡೆದ ಮರುದಿನವೇ ದಿನಾಂಕ, ಸಮಯ ಬರೆದು, "ಈ ಅವಧಿಯ ದೃಶ್ಯ ಅಳಿಸದೆ ಕಾಯ್ದಿಡಿ" ಅಂತ ಠಾಣೆಗೂ ಎಸ್‌ಪಿ ಕಚೇರಿಗೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದೆ ಕೋರ್ಟ್ ಅಥವಾ ಮಾನವ ಹಕ್ಕು ಆಯೋಗ ತರಿಸಿಕೊಳ್ಳುತ್ತದೆ.

ಪ್ರತಿಭಟನೆಯಲ್ಲಿ ಲಾಠಿ ಬೀಸುವುದಕ್ಕೆ ನಿಯಮ ಏನು?

ಬಿಎನ್‌ಎಸ್‌ಎಸ್ 148. ಮೊದಲು ಗುಂಪು ಕಾನೂನುಬಾಹಿರ ಆಗಿರಬೇಕು, ಇಲ್ಲವೇ ಐದು ಅಥವಾ ಹೆಚ್ಚು ಜನರ ಗುಂಪು ಶಾಂತಿ ಕದಡುವ ಸಂಭವ ಇರಬೇಕು. ಆಮೇಲೆ ತಹಶೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರೋ, ಠಾಣಾಧಿಕಾರಿಯೋ, ಅವರಿಲ್ಲದಾಗ ಕನಿಷ್ಠ ಸಬ್‌ ಇನ್‌ಸ್ಪೆಕ್ಟರ್ ದರ್ಜೆಯವರೋ ಚದುರಿ ಹೋಗಿ ಅಂತ ಆದೇಶ ಕೊಡಬೇಕು. ಮಾತು ಕೇಳದಿದ್ದರೆ, ಅಥವಾ ಚದುರುವುದಿಲ್ಲ ಅನ್ನುವುದು ಅವರ ನಡವಳಿಕೆಯಲ್ಲೇ ಕಂಡರೆ, ಆಗ ಬಲ. ಬಲದ ಉದ್ದೇಶ ಚದುರಿಸುವುದು, ಹಾಗಾಗಿ ಚದುರಿ ಓಡುತ್ತಿರುವವರನ್ನು ಅಟ್ಟಿಸಿಕೊಂಡು ಗಲ್ಲಿಯೊಳಗೆ ನುಗ್ಗಿ ಹೊಡೆಯುವುದಕ್ಕೆ ಈ ಕಲಂ ರಕ್ಷಣೆ ಕೊಡಲ್ಲ. ಬಿದ್ದವನಿಗೆ ಹೊಡೆಯುವುದಕ್ಕೂ ಇಲ್ಲ. ನಿಂತಿದ್ದ ಬೈಕುಗಳ ಗಾಜು ಒಡೆಯುವುದಕ್ಕಂತೂ ಯಾವ ಕಾನೂನಿನಲ್ಲೂ ಜಾಗ ಇಲ್ಲ.

2011ರ ಜೂನ್ 4ರ ಮಧ್ಯರಾತ್ರಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರ ಮೇಲೆ ಪೊಲೀಸರು ಬಲ ಬಳಸಿದಾಗ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಮುಂದಿನ ವರ್ಷ ಬಂದ ತೀರ್ಪಿನಲ್ಲಿ ಸತ್ತವರ ಕುಟುಂಬಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ, ಸಣ್ಣ ಗಾಯಕ್ಕೆ 25 ಸಾವಿರ ಪರಿಹಾರ. ಆಯೋಜಕರದ್ದೂ ಪಾಲು ತಪ್ಪಿದೆ ಅಂತ ಅದರಲ್ಲಿ ಶೇ 25ರಷ್ಟನ್ನು ಅವರ ಮೇಲೆ ಹಾಕಿತು. ಪ್ರತಿಭಟನೆ ಮಾಡಿಸುವವರು ಇದನ್ನೂ ನೆನಪಿಡಬೇಕು.

ಗುಂಪಿನ ಮೇಲೆ ಗುಂಡು?

ಲಾಠಿಗೆ ಅನ್ವಯಿಸುವ ಕಲಮೇ ಇಲ್ಲೂ ಇರುವುದು, ಪೊಲೀಸ್ ಗೋಲಿಬಾರಿಗೆ ಅಂತ ಬೇರೆ ಸಲೀಸು ದಾರಿ ಇಲ್ಲ. ಕಡಿಮೆ ಬಲದಿಂದ ಆಗದು ಅನ್ನುವುದು ಖಚಿತವಾದ ಮೇಲೆ ಕೊನೆಯ ಉಪಾಯ. ಈ ಮಾತು ಬರೆಯುವಾಗ ನನಗೆ ಸಂಕಟವಾಗುತ್ತದೆ, ಯಾಕೆಂದರೆ ನಮ್ಮ ನಾಡಿನ ನೆನಪಿನಲ್ಲೇ ಎಷ್ಟೊಂದು ಇವೆ. 1938ರ ಏಪ್ರಿಲ್‌ನಲ್ಲಿ ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಬಂದ ಜನರ ಮೇಲೆ. 1980ರ ಜುಲೈ 21ರಂದು ನರಗುಂದದಲ್ಲಿ ರೈತರ ಮೇಲೆ, ಆ ದಿನವನ್ನು ಇವತ್ತಿಗೂ ರೈತ ಹುತಾತ್ಮ ದಿನ ಅಂತ ಆಚರಿಸುತ್ತೇವೆ. 2008ರ ಜೂನ್‌ನಲ್ಲಿ ಹಾವೇರಿಯಲ್ಲಿ ಗೊಬ್ಬರ ಕೊಡಿ ಅಂತ ಬೀದಿಗೆ ಬಂದ ರೈತರ ಮೇಲೆ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ, ಇಬ್ಬರು ಸತ್ತರು. ಪ್ರತಿ ಸಲವೂ ಕೇಳಬೇಕಾದ ಪ್ರಶ್ನೆ ಅದೇ, ಆ ಕ್ಷಣದಲ್ಲಿ ಬೇರೆ ದಾರಿ ಇರಲಿಲ್ಲವಾ? ಗೊಬ್ಬರದ ಸಾಲಿನಲ್ಲಿ ನಿಂತವನಿಗೆ ಕೊಡಬೇಕಾಗಿದ್ದದ್ದು ಗೊಬ್ಬರ.

"ಆರೋಪಿ ಕಾಲಿಗೆ ಗುಂಡೇಟು" ಅಂತ ವಾರಕ್ಕೊಂದು ಸುದ್ದಿ ಓದುತ್ತೇವೆ. ಕಾಲಿಗೆ ಹೊಡೆದರೆ ಕಾನೂನು ಒಪ್ಪುತ್ತದಾ?

ಕಾಲಿಗೆ ಹೊಡೆಯಬಹುದು ಅಂತ ಎಲ್ಲೂ ಬರೆದಿಲ್ಲ. ಸುದ್ದಿ ನೋಡಿ ನೋಡಿ ಅದೇ ನಿಯಮ ಅನ್ನಿಸಿಬಿಟ್ಟಿದೆ ಅಷ್ಟೇ. ಬಹುತೇಕ ಕಥೆ ಒಂದೇ ಅಚ್ಚಿನಲ್ಲಿ ಇರುತ್ತದೆ. ಮಹಜರಿಗೆ ಕರೆದೊಯ್ದಾಗ ಆರೋಪಿ ಕಾನ್‌ಸ್ಟೇಬಲ್ ಮೇಲೆ ಹಲ್ಲೆ ಮಾಡಿ ಓಡಲು ಯತ್ನಿಸಿದ, ಗಾಳಿಯಲ್ಲಿ ಗುಂಡು ಹಾರಿಸಿ ಎಚ್ಚರಿಸಿದರೂ ಕೇಳಲಿಲ್ಲ, ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು. ಕೆಲವು ಕಡೆ ನಿಜಕ್ಕೂ ಹಾಗೇ ಆಗಿರಬಹುದು, ಮಚ್ಚು ಹಿಡಿದವನ ಎದುರು ನಿಂತ ಕಾನ್‌ಸ್ಟೇಬಲ್ ಜೀವವೂ ಜೀವವೇ.

ಆದರೆ ಆತ್ಮರಕ್ಷಣೆ ಅಂದಮೇಲೆ ಪೊಲೀಸರಿಗೂ ನಿಮಗೂ ಇರುವುದು ಒಂದೇ ಕಾನೂನು, ಬಿಎನ್‌ಎಸ್ 34ರಿಂದ 44. ರಕ್ಷಣೆಗೆ ಬೇಕಾದದ್ದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ, ಅಪಾಯ ಮುಗಿದ ಮೇಲೆ ಹಕ್ಕೂ ಇಲ್ಲ. ಅದು ನಿಜಕ್ಕೂ ಆತ್ಮರಕ್ಷಣೆಯೇ ಅನ್ನುವುದನ್ನು ಸ್ವತಂತ್ರವಾಗಿ ಯಾರಾದರೂ ಪರೀಕ್ಷಿಸಬೇಕು. ಎನ್‌ಕೌಂಟರ್ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2014ರ ಸೂಚನೆಗಳು ಸಾವಿಗೆ ಮಾತ್ರ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ತೀವ್ರ ಗಾಯವಾದ ಪ್ರಕರಣಗಳಿಗೂ ಆದಷ್ಟು ಮಟ್ಟಿಗೆ ಇವು ಅನ್ವಯಿಸುತ್ತವೆ ಅಂತ ಅದೇ ತೀರ್ಪಿನ ಕೊನೆಯಲ್ಲಿದೆ. ಕಾಲಿಗೆ ಗುಂಡು ತಿಂದವನ ವಕೀಲರು ಮೊದಲು ಹಿಡಿಯಬೇಕಾದ್ದು ಈ ಸಾಲನ್ನು.

ಎನ್‌ಕೌಂಟರ್‌ನಲ್ಲಿ ಯಾರಾದರೂ ಸತ್ತರೆ ಏನೇನು ನಡೆಯಬೇಕು?

ಪಿಯುಸಿಎಲ್ (ನಾಗರಿಕ ಹಕ್ಕುಗಳ ಸಂಘಟನೆ) ವಿರುದ್ಧ ಮಹಾರಾಷ್ಟ್ರ, 2014ರ ಸೆಪ್ಟೆಂಬರ್ 23ರ ಸುಪ್ರೀಂ ಕೋರ್ಟ್ ತೀರ್ಪು. ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಮತ್ತು ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಅವರ ಪೀಠ 16 ಸೂಚನೆ ಕೊಟ್ಟಿತು. ಎಫ್‌ಐಆರ್ ಆಗಲೇಬೇಕು. ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ತಂಡ ಮಾಡಬೇಕು, ಗುಂಡು ಹಾರಿಸಿದ ತಂಡದ ಮುಖ್ಯಸ್ಥರಿಗಿಂತ ಕನಿಷ್ಠ ಒಂದು ದರ್ಜೆ ಮೇಲಿನವರ ಉಸ್ತುವಾರಿಯಲ್ಲಿ. ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ಮರಣೋತ್ತರ ಪರೀಕ್ಷೆ ಇಬ್ಬರು ಡಾಕ್ಟರುಗಳಿಂದ, ಅದರ ವಿಡಿಯೋ ಆಗಬೇಕು. ಪೊಲೀಸರು ತಮ್ಮ ಬಂದೂಕನ್ನು ಪರೀಕ್ಷೆಗೆ ಒಪ್ಪಿಸಬೇಕು. ಮಾನವ ಹಕ್ಕು ಆಯೋಗಕ್ಕೆ ತಡವಿಲ್ಲದೆ ತಿಳಿಸಬೇಕು. ಘಟನೆ ಆದ ಕೂಡಲೇ ಬಡ್ತಿ, ಶೌರ್ಯ ಪ್ರಶಸ್ತಿ ಕೊಡುವಂತಿಲ್ಲ. ಇದು ಯಾವುದೂ ನಡೆದಿಲ್ಲ ಅನ್ನಿಸಿದರೆ ಸತ್ತವನ ಮನೆಯವರು ನೇರವಾಗಿ ಸೆಷನ್ಸ್ ನ್ಯಾಯಾಧೀಶರಿಗೆ ದೂರು ಕೊಡಬಹುದು.

ಮಗುವನ್ನು ಕೊಂದವನಿಗೂ ಇದೆಲ್ಲ ಯಾಕೆ ಬೇಕು?

ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಕೋಪ ಇಲ್ಲ. 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಹೆಣ್ಣು ಮಗುವಿಗೆ ಆದದ್ದನ್ನು ಕೇಳಿದಾಗ ನನ್ನ ಹೊಟ್ಟೆಯಲ್ಲೂ ಬೆಂಕಿ ಬಿತ್ತು. ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಸತ್ತ. ಜನ ಹೂವು ಹಾಕಿದರು, ಜೈಕಾರ ಹಾಕಿದರು.

ಆದರೂ ನಾನು ಹೇಳುವುದು ಇದು. 2019ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಬಳಿ ಅತ್ಯಾಚಾರ, ಕೊಲೆ ಆರೋಪಿಗಳು ನಾಲ್ವರನ್ನು ಪೊಲೀಸರು ಗುಂಡಿಟ್ಟು ಕೊಂದಾಗಲೂ ದೇಶವೇ ಚಪ್ಪಾಳೆ ತಟ್ಟಿತ್ತು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗ ಪರಿಶೀಲಿಸಿ, ಸಾಯಲಿ ಅಂತಲೇ ಬೇಕೆಂದು ಗುಂಡು ಹಾರಿಸಿದ್ದಾರೆ ಎಂದು 2022ರಲ್ಲಿ ವರದಿ ಕೊಟ್ಟಿತು. ಆ ನಾಲ್ವರಲ್ಲಿ ಕೆಲವರು ಇನ್ನೂ 18 ತುಂಬದವರು ಅಂತಲೂ ಆಯೋಗ ಹೇಳಿತು. ಚಪ್ಪಾಳೆ ತಟ್ಟುವಾಗ ನಮಗೆ ಅದು ಗೊತ್ತಿರಲಿಲ್ಲ, ಅಲ್ವಾ? ಸತ್ತವನ ಮೇಲೆ ವಿಚಾರಣೆ ನಡೆಯುವುದಿಲ್ಲ. ಹಾಗಾಗಿ ಅವನೇ ಮಾಡಿದ್ದಾ, ಜೊತೆಗೆ ಇನ್ಯಾರಾದರೂ ಇದ್ದರಾ ಅನ್ನುವುದು ಹುಬ್ಬಳ್ಳಿಯ ಆ ಮಗುವಿನ ತಾಯಿಗೂ ಯಾವತ್ತೂ ತಿಳಿಯುವುದಿಲ್ಲ.

ಹೊಡೆತ ಬಿದ್ದಿದೆ. ಈಗ ಏನು ಮಾಡಲಿ?

ಮೊದಲು ಸರ್ಕಾರಿ ಆಸ್ಪತ್ರೆ. ಇದನ್ನು ನಾನು ಕೈ ಮುಗಿದು ಹೇಳುತ್ತೇನೆ. ಒಮ್ಮೆ ಒಬ್ಬ ಹುಡುಗ ಏಟು ತಿಂದು ಹನ್ನೆರಡು ದಿನ ಆದ ಮೇಲೆ ನನ್ನ ಹತ್ತಿರ ಬಂದ. ಅಂಗಾಲಿನ ಬಾವು ಇಳಿದಿತ್ತು, ಬೆನ್ನಿನ ಬಾಸುಂಡೆ ಮಾಯವಾಗಿತ್ತು, ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಯಾವ ಠಾಣೆ ಅಂತ ಹೇಳುವುದು ಬೇಡ, ಆ ಕೇಸು ಕೊನೆಗೂ ನಿಲ್ಲಲಿಲ್ಲ. ಡಾಕ್ಟರಿಗೆ "ಬಿದ್ದೆ" ಅನ್ನಬೇಡಿ, ಯಾರು, ಎಲ್ಲಿ, ಯಾವುದರಿಂದ ಹೊಡೆದರು ಅಂತ ಹೇಳಿ, ಎಂಎಲ್‌ಸಿ (ಕೇಸಿಗೆ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ) ಮಾಡಿಸಿ. ಮೊಬೈಲಿನಲ್ಲಿ ದಿನವೂ ಗಾಯದ ಫೋಟೊ ತೆಗೆಯಿರಿ, ಬಣ್ಣ ಬದಲಾಗುವುದೇ ಸಾಕ್ಷ್ಯ. ಕಸ್ಟಡಿಯಲ್ಲೇ ಇದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಬಾಯಿಬಿಟ್ಟು ಹೇಳಿ, ಅಂಗಿ ಎತ್ತಿ ತೋರಿಸಿ. ಅವರು ಕೇಳದಿದ್ದರೂ ಹೇಳಿ.

ಎಫ್‌ಐಆರ್ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ರಾಜ್ಯ ಪೊಲೀಸ್ ದೂರು ಪ್ರಾಧಿಕಾರವಿದೆ, ರಾಜ್ಯ ಮಾನವ ಹಕ್ಕುಗಳ ಆಯೋಗವಿದೆ. ಆಯೋಗಕ್ಕೆ ಒಂದು ವರ್ಷದೊಳಗೆ ಹೋಗಬೇಕು, ಮರೆಯಬೇಡಿ. 24 ಗಂಟೆ ದಾಟಿದರೂ ಕೋರ್ಟಿಗೆ ತರದೆ ಇಟ್ಟುಕೊಂಡಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತನ್ನಿ ಅಂತ ಕೇಳುವ ಅರ್ಜಿ), ಬೆಂಗಳೂರು, ಧಾರವಾಡ, ಕಲಬುರಗಿ ಯಾವುದು ನಿಮ್ಮ ಜಿಲ್ಲೆಗೆ ಬರುತ್ತದೋ ಅಲ್ಲಿ. ವಕೀಲರಿಗೆ ದುಡ್ಡಿಲ್ಲ ಅಂದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ಹಕ್ಕಿದೆ.

ಪೊಲೀಸರ ಮೇಲೆ ಕೇಸ್ ನಡೆಸಲು ಸರ್ಕಾರದ ಅನುಮತಿ ಬೇಕಂತೆ?

ಹಲವು ಸಲ ಬೇಕು, ದೊಡ್ಡ ಗೋಡೆ ಇದೇ. ಬಿಎನ್‌ಎಸ್‌ಎಸ್ 218 ಒಂದು, ನಮ್ಮ ರಾಜ್ಯದಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ 1963ರ 170ನೇ ಕಲಂ ಇನ್ನೊಂದು. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ, ಕೃತ್ಯಕ್ಕೂ ಡ್ಯೂಟಿಗೂ ಸಂಬಂಧ ಇದ್ದರೆ ಮಿತಿ ಮೀರಿದ್ದರೂ ಅನುಮತಿ ಬೇಕು, ಡ್ಯೂಟಿಗೆ ಸಂಬಂಧವೇ ಇಲ್ಲದ ಕೃತ್ಯಕ್ಕೆ ಬೇಡ ಅಂತ ಹೇಳಿತು. ಠಾಣೆಯಲ್ಲಿ ಹಿಂಸೆ ಕೊಡುವುದು ಯಾವ ಡ್ಯೂಟಿ ಅಂತ ನಾವು ಕೋರ್ಟಿನಲ್ಲಿ ಪ್ರತಿ ಸಲ ವಾದಿಸಬೇಕಾಗುತ್ತದೆ. ಒಂದು ಒಳ್ಳೆಯ ಬದಲಾವಣೆ ಆಗಿದೆ. 218ರ ಅಡಿ ಸರ್ಕಾರ 120 ದಿನದಲ್ಲಿ ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ. ಮೊದಲು ಫೈಲು ವರ್ಷಗಟ್ಟಲೆ ಕೊಳೆಯುತ್ತಿತ್ತು.

ನಾನೇ ಕಾನ್‌ಸ್ಟೇಬಲ್. ಸಾಹೇಬ್ರು ಹೊಡಿ ಅಂದ್ರೆ ನಾನೇನು ಮಾಡಲಿ?

ಈ ಪ್ರಶ್ನೆ ನಿಜವಾಗಿಯೂ ಬಂದಿದೆ, ಕೇಳಿದ ಹುಡುಗನಿಗೆ ಸರ್ವಿಸ್ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಮೇಲಿನವರ ಆದೇಶ ಅನ್ನುವುದು ಕೋರ್ಟಿನಲ್ಲಿ ನಿಮ್ಮನ್ನು ಉಳಿಸಲ್ಲ. 2011ರ ಪ್ರಕಾಶ್ ಕದಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎರಡನೇ ಮಹಾಯುದ್ಧದ ನಂತರ ನಾಜಿಗಳ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯನ್ನೇ ನೆನಪಿಸಿ, ನಕಲಿ ಎನ್‌ಕೌಂಟರ್ ಮಾಡು ಅಂತ ಮೇಲಧಿಕಾರಿ ಹೇಳಿದರೆ ಪಾಲಿಸದಿರುವುದೇ ಕೆಳಗಿನವನ ಕರ್ತವ್ಯ ಅಂದಿತು. ಹೇಳುವುದು ಸುಲಭ, ಅದೇ ಠಾಣೆಯಲ್ಲಿ ಅದೇ ಸಾಹೇಬರ ಕೈಕೆಳಗೆ ನಾಳೆಯೂ ಕೆಲಸ ಮಾಡುವುದು ಕಷ್ಟ, ನನಗೆ ಗೊತ್ತು. ಆದರೂ ಸಾತಾನ್‌ಕುಳಂನಲ್ಲಿ ಆ ರಾತ್ರಿ ಏನಾಯಿತು ಅಂತ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟದ್ದು ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್. ಸುತ್ತ ಸಹೋದ್ಯೋಗಿಗಳೇ ಇದ್ದರು, ಆಕೆ ಹೆದರಿದ್ದರು, ಆದರೂ ಕಂಡದ್ದನ್ನು ಹೇಳಿದರು.